ಎರಡು ನದಿಗಳ ನಡುವೆ ಉರಿದ ರಾಜಧಾನಿ

ಆಫ್ರಿಕಾದ ನಕ್ಷೆಯಲ್ಲಿ ಈಶಾನ್ಯ ಭಾಗವನ್ನು ಒಮ್ಮೆ ನೋಡಿ. ಮರುಭೂಮಿಯ ಹಳದಿ ಬಣ್ಣದ ನಡುವೆ ದಕ್ಷಿಣದಿಂದ ಎರಡು ನೀಲಿ ಗೆರೆಗಳು ಬರುತ್ತವೆ. ಒಂದು ಕಡೆ ಕೂಡುತ್ತವೆ. ಅಲ್ಲಿಂದ ಒಂದೇ ಗೆರೆಯಾಗಿ ಉತ್ತರಕ್ಕೆ ಹೋಗುತ್ತವೆ. ಆ ಕೂಡುವ ಜಾಗದಲ್ಲಿರೋದೇ ಖಾರ್ಟೂಮ್. ಸುಡಾನ್ ದೇಶದ ರಾಜಧಾನಿ.

2023ರ ಏಪ್ರಿಲ್ 15ರಂದು ಆ ಊರಿನಲ್ಲಿ ಯುದ್ಧ ಶುರುವಾಯ್ತು. ಅಲ್ಲಿಂದ ವಾರಗಟ್ಟಲೆ ನಮ್ಮ ಪರದೆಯ ಮೇಲೆ ಅದೇ ದೃಶ್ಯ. ಹೊಗೆ, ಗುಂಡು, ಸುಟ್ಟ ವಿಮಾನಗಳು. ಇಬ್ಬರು ಸೇನಾನಾಯಕರ ಕಿತ್ತಾಟ ಅಂತ ಜಗತ್ತಿನ ಎಲ್ಲ ಚಾನೆಲ್‌ಗಳೂ ಹೇಳಿದವು. ಅದು ನಿಜವೇ. ಆದ್ರೆ ಸುದ್ದಿಯ ಕಷ್ಟ ಏನು ಗೊತ್ತಾ? ಬೆಂಕಿ ಹತ್ತಿದ ಮೇಲೆ ನಾವು ಹೋಗ್ತೀವಿ. ಕಟ್ಟಿಗೆ ಒಟ್ಟಿದವರು ಯಾರು, ಎಷ್ಟು ವರ್ಷದಿಂದ ಒಟ್ಟುತ್ತಾ ಬಂದರು ಅಂತ ಹೇಳೋದಕ್ಕೆ ಎರಡು ನಿಮಿಷದಲ್ಲಿ ಆಗೋದಿಲ್ಲ. ಖಾರ್ಟೂಮ್ ವಿಷಯದಲ್ಲಿ ಆ ಕಟ್ಟಿಗೆಗೆ 200 ವರ್ಷದ ವಯಸ್ಸಿದೆ. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ನೀರಿನಿಂದ ಶುರು ಮಾಡೋಣ. ನೈಲ್ ಅಂದ್ರೆ ಒಂದು ನದಿ ಅಂತ ಶಾಲೆಯಲ್ಲಿ ಓದಿದ್ದೀವಿ. ಖಾರ್ಟೂಮ್ ತಲುಪುವವರೆಗೆ ಅದು ಎರಡು ನದಿ. ಮೊದಲನೆಯದು ಬಿಳಿ ನೈಲ್. ವಿಕ್ಟೋರಿಯಾ ಸರೋವರದ ಕಡೆಯಿಂದ ಹೊರಟು, ಉಗಾಂಡಾ ದಾಟಿ, ದಕ್ಷಿಣ ಸುಡಾನಿನ 'ಸಡ್' ಎಂಬ ಮಹಾ ಜೌಗು ಪ್ರದೇಶಕ್ಕೆ ಬರುತ್ತೆ. ಆ ಜೌಗಿನಲ್ಲಿ ಹರಡಿಕೊಂಡು, ಬಿಸಿಲಿಗೆ ಆವಿಯಾಗಿ, ಬಂದ ನೀರಿನಲ್ಲಿ ಸುಮಾರು ಅರ್ಧ ಅಲ್ಲೇ ಮುಗಿದುಹೋಗುತ್ತೆ. ಉಳಿದದ್ದು ಸಾವಕಾಶವಾಗಿ, ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಸಮನೆ ಹರಿದು ಬರುತ್ತೆ.

ಎರಡನೆಯದು ನೀಲಿ ನೈಲ್. ಇಥಿಯೋಪಿಯಾದ ಟಾನಾ ಸರೋವರದಿಂದ ಹೊರಟು, ಆಳವಾದ ಕಣಿವೆಗಳಲ್ಲಿ ಧುಮುಕಿ, ಸುಮಾರು 1,450 ಕಿಲೋಮೀಟರ್ ಹರಿದು ಬರುವ ನದಿ. ಇದರ ಸ್ವಭಾವವೇ ಬೇರೆ. ಬೇಸಗೆಯಲ್ಲಿ ಸೊರಗಿರುತ್ತೆ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆ ಹಿಡಿಯಿತೋ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಹೊತ್ತುಕೊಂಡು ನುಗ್ಗುತ್ತೆ. ಶತಮಾನಗಳ ಕಾಲ ಆ ರಭಸ ಹೇಗಿತ್ತು ಅಂದ್ರೆ, ಪ್ರವಾಹದ ದಿನಗಳಲ್ಲಿ ಬಿಳಿ ನೈಲ್ ಮುಂದೆ ಹೋಗೋಕಾಗದೆ ಹಿಂದಕ್ಕೆ ತುಂಬಿಕೊಂಡು ನಿಲ್ಲುತ್ತಿತ್ತು. ಒಂದು ನದಿಯೇ ಇನ್ನೊಂದು ನದಿಗೆ ಅಣೆಕಟ್ಟು!

ಎರಡೂ ಕೂಡುವ ಜಾಗಕ್ಕೆ ಅಲ್ಲಿನವರು 'ಮೊಗ್ರಾನ್' ಅಂತಾರೆ. ಸ್ವಲ್ಪ ದೂರ ಎರಡು ಬಣ್ಣದ ನೀರು ಅಕ್ಕಪಕ್ಕ ಹರಿಯೋದು ಕಣ್ಣಿಗೆ ಕಾಣುತ್ತೆ. ಈ ಸಂಗಮದ ಸುತ್ತ ಇರೋದು ಒಂದು ಊರಲ್ಲ, ಮೂರು. ಎರಡು ನದಿಗಳ ನಡುವಿನ ಮೂಲೆಯಲ್ಲಿ ಖಾರ್ಟೂಮ್. ಪಶ್ಚಿಮ ದಂಡೆಯಲ್ಲಿ ಒಮ್ದುರ್ಮಾನ್. ನೀಲಿ ನೈಲ್‌ನ ಆಚೆ ದಂಡೆಯಲ್ಲಿ ಉತ್ತರ ಖಾರ್ಟೂಮ್, ಅಲ್ಲಿನವರ ಬಾಯಲ್ಲಿ 'ಬಹ್ರಿ'. ಮೂರರ ಮಧ್ಯೆ ತೂತಿ ಎಂಬ ಹಸಿರು ದ್ವೀಪ. ಖಾರ್ಟೂಮ್ ಅಂದ್ರೆ ಆನೆಯ ಸೊಂಡಿಲು ಅಂತ ಹೆಚ್ಚಿನವರು ಅರ್ಥ ಹೇಳ್ತಾರೆ. ಎರಡು ನದಿಗಳ ನಡುವೆ ಉದ್ದಕ್ಕೆ ಚಾಚಿದ ನೆಲ ಹಾಗೆ ಕಾಣುತ್ತಂತೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಆಗಾಗ 'ಹಬೂಬ್' ಎಂಬ ಧೂಳಿನ ಗೋಡೆ ಎದ್ದು ಇಡೀ ಊರನ್ನೇ ನುಂಗುತ್ತೆ. ಹೀಗಿರುವಾಗ ಆ ಊರಿಗೆ ಎರಡು ನದಿಗಳೇ ತಾಯಿ ತಂದೆ.

ನದಿಗಳು ಕೂಡುವ ಜಾಗ ಅಂದ ಕೂಡಲೇ ನಮಗೆ ಗುಡಿ, ಸ್ನಾನಘಟ್ಟ, ಜಾತ್ರೆ ನೆನಪಾಗುತ್ತೆ. ಖಾರ್ಟೂಮ್ ಹುಟ್ಟಿದ್ದು ಹಾಗಲ್ಲ. ಅದು ಹುಟ್ಟಿದ್ದು ಸೈನ್ಯದ ಬಿಡಾರವಾಗಿ.

ಅದಕ್ಕೂ ಮುಂಚೆ ಆ ನೆಲದಲ್ಲಿ ಏನೂ ಇರಲಿಲ್ಲ ಅಂತಲ್ಲ. ನೀಲಿ ನೈಲ್‌ನ ದಂಡೆಯಲ್ಲಿ, ಹತ್ತಿರದಲ್ಲೇ ಸೋಬಾ ಎಂಬ ಊರಿತ್ತು. ಅಲ್ವಾ ಎಂಬ ಕ್ರೈಸ್ತ ರಾಜ್ಯದ ರಾಜಧಾನಿ. ಸುಮಾರು 1500ರ ಹೊತ್ತಿಗೆ ಆ ರಾಜ್ಯ ಮುಗೀತು. ಸೋಬಾ ಹಾಳುಬಿತ್ತು. ಅದರ ಇಟ್ಟಿಗೆಗಳನ್ನೇ ಕಿತ್ತು ತಂದು ಮುಂದೆ ಖಾರ್ಟೂಮ್ ಕಟ್ಟಿದರು. ಇಟ್ಟಿಗೆಯ ಈ ವಿಷಯ ನೆನಪಿರಲಿ. ಮತ್ತೆ ಬರುತ್ತೆ.

1820ರಲ್ಲಿ ಈಜಿಪ್ಟಿನ ಆಡಳಿತ ಮುಹಮ್ಮದ್ ಅಲಿಯ ಕೈಯಲ್ಲಿತ್ತು. ಹೆಸರಿಗೆ ಆಟೊಮನ್ ಸುಲ್ತಾನನ ಪ್ರತಿನಿಧಿ, ವಾಸ್ತವದಲ್ಲಿ ತಾನೇ ದೊರೆ. ಅವನಿಗೆ ಎರಡು ವಸ್ತು ಬೇಕಿತ್ತು. ಒಂದು ಚಿನ್ನ. ಇನ್ನೊಂದು ಮನುಷ್ಯರು. ಹೊಸ ಸೈನ್ಯ ಕಟ್ಟೋದಕ್ಕೆ ಗುಲಾಮರು ಬೇಕು, ಅವರನ್ನು ಸುಡಾನಿನಿಂದ ಹಿಡಿದು ತರಬೇಕು ಅನ್ನೋದು ಲೆಕ್ಕಾಚಾರ. ಮಗ ಇಸ್ಮಾಯಿಲನ ಕೈಗೆ ದಂಡು ಕೊಟ್ಟು ಕಳಿಸಿದ. ಆ ಮಗನನ್ನು 1822ರಲ್ಲಿ ಶೆಂದಿ ಎಂಬ ಊರಿನಲ್ಲಿ ಅಲ್ಲಿನ ನಾಯಕ ನಿಮ್ರ್ ಸುಟ್ಟು ಕೊಂದ. ಆದ್ರೂ ದಂಡು ವಾಪಸ್ ಹೋಗಲಿಲ್ಲ. 1821ರಲ್ಲಿ ಸಂಗಮದಲ್ಲಿ ಹಾಕಿದ್ದ ಬಿಡಾರ ಕೋಟೆಯಾಯ್ತು. ಹತ್ತಾರು ವರ್ಷದಲ್ಲಿ ಆ ಕೋಟೆಯೇ ರಾಜಧಾನಿಯಾಯ್ತು.

ಯಾಕೆ ಅಲ್ಲೇ? ಎರಡೂ ನದಿಗಳು ಒಳನಾಡಿಗೆ ಹೆದ್ದಾರಿ. ಆ ಎರಡು ಹೆದ್ದಾರಿಗಳ ಟೋಲ್‌ಗೇಟ್ ಖಾರ್ಟೂಮ್. 1839ರಿಂದ 1842ರ ನಡುವೆ ಸಲೀಂ ಎಂಬ ತುರ್ಕಿ ನೌಕಾಧಿಕಾರಿ ಮೂರು ಸಲ ಇಲ್ಲಿಂದ ಹೊರಟ. ಯಾರೂ ದಾಟಲಾಗದು ಅಂದುಕೊಂಡಿದ್ದ ಸಡ್ ಜೌಗನ್ನು ದಾಟಿ, ಇವತ್ತಿನ ಜುಬಾ ಊರಿನ ಹತ್ತಿರದವರೆಗೂ ಹೋದ. ದಾರಿ ತೆರೆಯಿತು. ಆ ದಾರಿಯಲ್ಲಿ ಮೊದಲು ಆನೆದಂತದ ವ್ಯಾಪಾರಿಗಳು ಹೋದರು. ದಂತ ಕಮ್ಮಿಯಾದ ಹಾಗೆ ಮನುಷ್ಯರನ್ನೇ ಹಿಡಿದು ತಂದರು. ದಕ್ಷಿಣದ ಹಳ್ಳಿಗಳಿಗೆ ಖಾರ್ಟೂಮ್ ಅನ್ನೋ ಹೆಸರು ಪರಿಚಯವಾಗಿದ್ದೇ ಹೀಗೆ. ಅವರ ಪಾಲಿಗೆ ರಾಜಧಾನಿ ಅಂದ್ರೆ ದೋಣಿಯಲ್ಲಿ ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುವ ಊರು.

ಇಷ್ಟು ಹಿಂಸೆಗೆ ಉತ್ತರ ಬರಲೇಬೇಕಿತ್ತು. ಬಂತು. ದೋಣಿ ಕಟ್ಟುವವನೊಬ್ಬನ ಮಗ ಮುಹಮ್ಮದ್ ಅಹ್ಮದ್, 1881ರಲ್ಲಿ ಬಿಳಿ ನೈಲ್‌ನ ಅಬಾ ದ್ವೀಪದಲ್ಲಿ ನಿಂತು ತಾನೇ 'ಮಹ್ದಿ' ಅಂತ ಘೋಷಿಸಿದ. ಲೋಕದಲ್ಲಿ ನ್ಯಾಯ ನಿಲ್ಲಿಸಲು ಬಂದವನು ಅಂತ ಅರ್ಥ. ತೆರಿಗೆ, ಲಂಚ, ಚಾವಟಿಯೇಟಿನಿಂದ ಬೇಸತ್ತ ಜನ ಹಿಂದೆ ನಿಂತರು. ಹಾಗಂತ ಅವನು ಗುಲಾಮಗಿರಿಯ ವಿರೋಧಿ ಅಂತ ಯಾರೂ ತಿಳಿಯಬೇಡಿ. ಆ ವ್ಯಾಪಾರ ನಿಂತಿತು ಅಂತ ಸಿಟ್ಟಾಗಿದ್ದವರೂ ಅವನ ಜೊತೆಗಿದ್ದರು. 1883ರ ನವೆಂಬರ್‌ನಲ್ಲಿ ಹಿಕ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಕೆಳಗಿದ್ದ ಈಜಿಪ್ಟಿನ ಸೈನ್ಯವನ್ನು ಅವನ ಪಡೆ ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಸಿಹಾಕಿತು.

ಆಗ ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿತ್ತು. ಅವರು ಖಾರ್ಟೂಮಿಗೆ ಕಳಿಸಿದ್ದು ಜನರಲ್ ಚಾರ್ಲ್ಸ್ ಗಾರ್ಡನ್‌ನನ್ನು. ಕೆಲಸ ಇಷ್ಟೇ, ಅಲ್ಲಿರುವವರನ್ನು ಕರಕೊಂಡು ವಾಪಸ್ ಬರೋದು. 1884ರ ಫೆಬ್ರವರಿಯಲ್ಲಿ ಬಂದ ಗಾರ್ಡನ್ ಅಲ್ಲೇ ನಿಂತುಬಿಟ್ಟ. ಮಾರ್ಚ್‌ನಲ್ಲಿ ಮುತ್ತಿಗೆ ಬಿತ್ತು. ಈಗ ನೋಡಿ, ಭೂಗೋಳ ಹೇಗೆ ಇತಿಹಾಸ ಆಗುತ್ತೆ ಅಂತ. ಊರಿಗೆ ಒಂದು ಬದಿ ನೀಲಿ ನೈಲ್, ಇನ್ನೊಂದು ಬದಿ ಬಿಳಿ ನೈಲ್. ತೆರೆದಿದ್ದ ಬದಿಯಲ್ಲಿ ಒಂದು ನದಿಯಿಂದ ಇನ್ನೊಂದು ನದಿಯವರೆಗೆ ಕಂದಕ. ನದಿ ತುಂಬಿರುವ ತನಕ ಊರೇ ಒಂದು ದ್ವೀಪ. ಚಳಿಗಾಲ ಬಂತು, ನೀರು ಇಳೀತು. ಬಿಳಿ ನೈಲ್ ಹಿಂದೆ ಸರಿದ ಕಡೆ ಕಂದಕದ ತುದಿಯಲ್ಲಿ ಬರೀ ಕೆಸರು ಉಳಿಯಿತು. 1885ರ ಜನವರಿ 26ರ ನಸುಕಿನಲ್ಲಿ ಮಹ್ದಿಯ ಪಡೆ ಆ ಕೆಸರಿನ ಕಡೆಯಿಂದ ಒಳಗೆ ನುಗ್ಗಿತು. ಗಾರ್ಡನ್ ಸತ್ತ. ಅವನ ಜೊತೆ ಸಾವಿರಾರು ಸಾಮಾನ್ಯ ಜನ ಸತ್ತರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬ್ರಿಟಿಷರ ನೆರವಿನ ಹಡಗುಗಳು ಕಣ್ಣಿಗೆ ಬಿದ್ದಿದ್ದು ಜನವರಿ 28ಕ್ಕೆ. ಎರಡೇ ದಿನ ತಡ!

ಗೆದ್ದವರು ಖಾರ್ಟೂಮಿನಲ್ಲಿ ಕೂರಲಿಲ್ಲ. ನದಿಯಾಚೆ ಒಮ್ದುರ್ಮಾನ್‌ನಲ್ಲಿ ಹೊಸ ರಾಜಧಾನಿ ಕಟ್ಟಿದರು. ಇಟ್ಟಿಗೆ, ಮರ ಎಲ್ಲಿಂದ? ಖಾರ್ಟೂಮಿನಿಂದಲೇ. ಸೋಬಾವನ್ನು ಕಿತ್ತು ಕಟ್ಟಿದ ಊರನ್ನು ಈಗ ಇವರು ಕಿತ್ತರು. ಮಹ್ದಿ ಆರೇ ತಿಂಗಳಲ್ಲಿ ತೀರಿಕೊಂಡ. ಅವನ ಉತ್ತರಾಧಿಕಾರಿ ಖಲೀಫಾ ಅಬ್ದುಲ್ಲಾಹಿ 13 ವರ್ಷ ಆಳಿದ.

ಆಮೇಲೆ ಬ್ರಿಟಿಷರು ಸೇಡಿಗೆ ಬಂದರು. ನದಿಯಲ್ಲಿ ಬಂಡೆಗಳು ಅಡ್ಡ ಅಂತ ಕಿಚನರ್ ಮರುಭೂಮಿಯ ಮೇಲೆ ರೈಲು ಹಳಿಯನ್ನೇ ಹಾಕಿದ. 1898ರ ಸೆಪ್ಟೆಂಬರ್ 2ರಂದು ಒಮ್ದುರ್ಮಾನ್ ಹೊರಗಿನ ಕರಾರಿ ಬಯಲಿನಲ್ಲಿ ಯುದ್ಧ. ಒಂದು ಕಡೆ ಈಟಿ, ಕತ್ತಿ, ಹಳೆಯ ಬಂದೂಕು. ಇನ್ನೊಂದು ಕಡೆ ಮ್ಯಾಕ್ಸಿಮ್ ಮೆಷಿನ್‌ಗನ್, ನದಿಯಿಂದ ಗುಂಡು ಉಗುಳುವ ಗನ್‌ಬೋಟ್. ಮಧ್ಯಾಹ್ನದ ಒಳಗೆ ಮುಗೀತು. ಸುಡಾನೀಯರಲ್ಲಿ ಸತ್ತವರು 10,000ಕ್ಕೂ ಹೆಚ್ಚು. ಕಿಚನರ್ ಕಡೆ ಸತ್ತವರು 50ಕ್ಕೂ ಕಡಿಮೆ. ಇದನ್ನು ಯುದ್ಧ ಅನ್ನಬೇಕೋ ಬೇರೆ ಏನನ್ನಬೇಕೋ, ನೀವೇ ಹೇಳಿ.

ಇಲ್ಲೊಂದು ವಿಷಯ. ಅವತ್ತು ಕುದುರೆ ಏರಿ ಆ ಬಯಲಿನಲ್ಲಿ ನುಗ್ಗಿದ 23 ವರ್ಷದ ಹುಡುಗನೊಬ್ಬ ನಮ್ಮ ಬೆಂಗಳೂರಿನ ದಂಡಿನಲ್ಲಿದ್ದವನು. ಹೆಸರು ವಿನ್‌ಸ್ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದವನು ಅಂತ ನಾವು ನಗ್ತೀವಲ್ಲ, ಅದೇ ಚರ್ಚಿಲ್. ಯುದ್ಧ ಮುಗಿಸಿ ಮತ್ತೆ ಬೆಂಗಳೂರಿಗೆ ಬಂದು ಈ ಯುದ್ಧದ ಬಗ್ಗೆ ಬರೆಯುತ್ತಾ ಕೂತ. ಅದೇ 1899ರಲ್ಲಿ ಬಂದ 'ದಿ ರಿವರ್ ವಾರ್'. ಕಿಚನರ್ ಮಹ್ದಿಯ ಗೋರಿಯನ್ನು ಒಡೆಸಿ, ಮೂಳೆಗಳನ್ನು ನೈಲ್‌ಗೆ ಎಸೆಸಿದ್ದ. ಸಾಮ್ರಾಜ್ಯದ ಕಟ್ಟಾ ಅಭಿಮಾನಿಯಾದ ಚರ್ಚಿಲ್‌ಗೂ ಅದು ಅತಿಯಾಯ್ತು. ಪುಸ್ತಕದ ಮೊದಲ ಮುದ್ರಣದಲ್ಲಿ ಅದನ್ನು ಖಂಡಿಸಿ ಬರೆದ.

ಬ್ರಿಟಿಷರು ಹಾಳುಬಿದ್ದ ಖಾರ್ಟೂಮನ್ನು ಮತ್ತೆ ಕಟ್ಟಿದರು. ಗಾರ್ಡನ್ ಸತ್ತ ಜಾಗದಲ್ಲೇ, ನೀಲಿ ನೈಲ್ ದಂಡೆಯಲ್ಲಿ ಅರಮನೆ ಎದ್ದಿತು. ಅವನ ಹೆಸರಿನಲ್ಲಿ ಕಾಲೇಜು ಎದ್ದಿತು. ಮುಂದೆ ಅದೇ ಖಾರ್ಟೂಮ್ ವಿಶ್ವವಿದ್ಯಾಲಯ. 1925ರಲ್ಲಿ ನೀಲಿ ನೈಲ್‌ಗೆ ಸೆನ್ನಾರ್‌ನಲ್ಲಿ ಅಣೆಕಟ್ಟು ಬಂತು. ಎರಡು ನದಿಗಳ ನಡುವಿನ ಗೆಜೀರಾ ಬಯಲಿಗೆ ಕಾಲುವೆ ಹರಿಯಿತು. ಬೆಳೆದದ್ದು ಹತ್ತಿ. ಹೋದದ್ದು ಲಂಕಾಷೈರ್ ಗಿರಣಿಗಳಿಗೆ. 1937ರಲ್ಲಿ ಖಾರ್ಟೂಮಿನ ದಕ್ಷಿಣಕ್ಕೆ ಬಿಳಿ ನೈಲ್‌ಗೆ ಜೆಬೆಲ್ ಔಲಿಯಾ ಅಣೆಕಟ್ಟು ಬಂತು. ನೆಲ ಸುಡಾನಿನದ್ದು, ಮುಳುಗಿದ್ದು ಸುಡಾನಿನ ದಂಡೆ. ನೀರು ಕೂಡಿಟ್ಟದ್ದು ಈಜಿಪ್ಟಿಗೆ! ರಸ್ತೆ, ಶಾಲೆ, ಆಸ್ಪತ್ರೆ ಬಂದದ್ದೆಲ್ಲ ನದಿಯ ಸುತ್ತ. ದಕ್ಷಿಣಕ್ಕೆ, ಪಶ್ಚಿಮದ ಡಾರ್ಫರ್‌ಗೆ ಹೆಚ್ಚೇನೂ ಹೋಗಲಿಲ್ಲ.

1956ರ ಜನವರಿ 1ಕ್ಕೆ ಸ್ವಾತಂತ್ರ್ಯ ಬಂತು. ಇದರಲ್ಲಿ ಭಾರತದ ಪಾಲೂ ಇದೆ. ನಮ್ಮ ಮೊದಲ ಮಹಾಚುನಾವಣೆ ನಡೆಸಿದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರೇ 1953ರಲ್ಲಿ ಸುಡಾನಿನ ಮೊದಲ ಚುನಾವಣೆಯ ಮೇಲ್ವಿಚಾರಣೆ ಮಾಡಿದ್ದು. ಖಡಕ್‌ವಾಸ್ಲಾದ ನಮ್ಮ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರು 'ಸುಡಾನ್ ಬ್ಲಾಕ್'. ಎರಡನೇ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಪ್ರಾಣ ಕೊಟ್ಟ ಭಾರತೀಯ ಸೈನಿಕರ ನೆನಪಿಗೆ ಸುಡಾನ್ ಕೊಟ್ಟ ಹಣ ಅದರಲ್ಲಿ ಸೇರಿದೆ.

ದೊರೆಗಳು ಬದಲಾದರು. ಅರಮನೆಯ ಅಭ್ಯಾಸ ಬದಲಾಗಲಿಲ್ಲ. ಇದೇ ನೋಡಿ ದುರಂತ. ಸ್ವಾತಂತ್ರ್ಯಕ್ಕೆ ಮುಂಚೆಯೇ, 1955ರಲ್ಲಿ, ದಕ್ಷಿಣದಲ್ಲಿ ದಂಗೆ ಎದ್ದಿತ್ತು. 1972ರವರೆಗೆ ಒಂದು ಯುದ್ಧ. 1983ರಿಂದ 2005ರವರೆಗೆ ಇನ್ನೊಂದು. ಎರಡನೆಯದರಲ್ಲೇ ಗುಂಡಿಗೆ, ಹಸಿವಿಗೆ, ರೋಗಕ್ಕೆ ಸುಮಾರು 20 ಲಕ್ಷ ಜನ ಸತ್ತರು ಅನ್ನೋದು ಅಂದಾಜು. ಖಾರ್ಟೂಮಿನ ಮಧ್ಯದಲ್ಲಿದ್ದವರಿಗೆ ಯುದ್ಧ ಅನ್ನೋದು ರೇಡಿಯೊ ಸುದ್ದಿ. ಊರ ಅಂಚಿನಲ್ಲಿ ಗುಡಿಸಲು ಹಾಕಿಕೊಂಡ ದಕ್ಷಿಣದವರಿಗೆ ಅದು ಬದುಕು. 2011ರ ಜನಮತದಲ್ಲಿ ದಕ್ಷಿಣದವರಲ್ಲಿ ಶೇಕಡ 98ಕ್ಕೂ ಹೆಚ್ಚು ಜನ 'ನಿಮ್ಮ ಸಹವಾಸ ಸಾಕು' ಅಂದರು. ಜುಲೈ 9ಕ್ಕೆ ದಕ್ಷಿಣ ಸುಡಾನ್ ಬೇರೆ ದೇಶವಾಯ್ತು. ದೇಶದ ತೈಲದಲ್ಲಿ ಸುಮಾರು ಮುಕ್ಕಾಲು ಭಾಗ ಅದರ ಜೊತೆ ಹೋಯ್ತು.

ಪಾಠ ಕಲಿತರಾ? ಇಲ್ಲ. 2003ರಲ್ಲಿ ಡಾರ್ಫರ್ ತಿರುಗಿಬಿತ್ತು. ಅಧ್ಯಕ್ಷ ಒಮರ್ ಅಲ್ ಬಶೀರ್ ಏನು ಮಾಡಿದ ಗೊತ್ತಾ? ತನ್ನ ಸೈನ್ಯದ ಜೊತೆಗೆ ಅಲ್ಲಿನ ಅರಬ್ ಅಲೆಮಾರಿ ಗುಂಪುಗಳ ಕೈಗೂ ಬಂದೂಕು ಕೊಟ್ಟ. ಅವರೇ ಜಂಜಾವೀದ್. ಕುದುರೆ, ಒಂಟೆ ಏರಿ ಬಂದು ಹಳ್ಳಿಗೆ ಹಳ್ಳಿಯನ್ನೇ ಸುಟ್ಟರು. 3 ಲಕ್ಷದವರೆಗೆ ಜನ ಸತ್ತಿರಬಹುದು ಅಂತ ವಿಶ್ವಸಂಸ್ಥೆ ಅಂದಾಜು ಮಾಡಿತು. 2009ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಬಶೀರ್ ಮೇಲೆ ವಾರಂಟ್ ಹೊರಡಿಸಿತು. ಅವನು ಜಗ್ಗಲಿಲ್ಲ. 2013ರಲ್ಲಿ ಅದೇ ಗುಂಪುಗಳಿಗೆ ಸಮವಸ್ತ್ರ ಕೊಟ್ಟು, ಹೆಸರು ಬದಲಿಸಿ ಸರ್ಕಾರಿ ಪಡೆ ಮಾಡಿದ. ರ‍್ಯಾಪಿಡ್ ಸಪೋರ್ಟ್ ಫೋರ್ಸಸ್, ಅಂದ್ರೆ ಆರ್‌ಎಸ್‌ಎಫ್. ನಾಯಕ ಒಂಟೆ ವ್ಯಾಪಾರದಿಂದ ಬಂದ ಮುಹಮ್ಮದ್ ಹಮ್ದಾನ್ ದಗಾಲೊ. ಜನ ಕರೆಯೋದು ಹೆಮೆದ್ತಿ ಅಂತ. ಸೈನ್ಯವೇ ತನ್ನ ಮೇಲೆ ತಿರುಗಿಬಿದ್ದರೆ ಕಾಯೋದಕ್ಕೆ ಇರಲಿ ಅಂತ ಬಶೀರ್ ಸಾಕಿದ. ಹಾವಿಗೆ ಹಾಲೆರೆದ.

2019ರ ಏಪ್ರಿಲ್‌ನಲ್ಲಿ ಖಾರ್ಟೂಮಿನ ಜನ ಸೇನಾ ಕೇಂದ್ರದ ಎದುರು ಕೂತರು. ಬ್ರೆಡ್ ಬೆಲೆ ಏರಿಕೆಯಿಂದ ಹೊತ್ತಿಕೊಂಡ ಚಳವಳಿ ಅದು. ಬಿಳಿ ಉಡುಪಿನ ಯುವತಿಯೊಬ್ಬಳು ಕಾರಿನ ಮೇಲೆ ನಿಂತು ಕೈಯೆತ್ತಿದ ಚಿತ್ರ ಇಡೀ ಜಗತ್ತು ನೋಡಿತು. ಡಾರ್ಫರ್‌ನವರ ನೋವೂ ನಮ್ಮದೇ ಅಂತ ಖಾರ್ಟೂಮಿನ ಯುವಕರು ಕೂಗಿದ್ದು ಆ ಬೀದಿಯಲ್ಲೇ. ಏಪ್ರಿಲ್ 11ಕ್ಕೆ ಬಶೀರ್ ಇಳಿದ. ಇಳಿಸಿದ್ದು ಅವನದೇ ಸೈನ್ಯ, ಹೆಮೆದ್ತಿಯೂ ಕೈಕೊಟ್ಟ. ಆದ್ರೆ ಜೂನ್ 3ರಂದು ಅದೇ ಜನರ ಮೇಲೆ ಗುಂಡು ಹಾರಿತು. 100ಕ್ಕೂ ಹೆಚ್ಚು ಜನ ಸತ್ತರು. ಹೆಣಗಳಿಗೆ ಭಾರ ಕಟ್ಟಿ ನೈಲ್‌ಗೆ ಎಸೆದಿದ್ದರು. ಡಾರ್ಫರ್‌ನಲ್ಲಿ 15 ವರ್ಷ ನಡೆದದ್ದು ಅವತ್ತು ಮೊದಲ ಸಲ ರಾಜಧಾನಿಯ ಬಾಗಿಲಿಗೆ ಬಂದಿತ್ತು.

2021ರಲ್ಲಿ ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಹೆಮೆದ್ತಿ ಸೇರಿ ಅಧಿಕಾರ ಕಿತ್ತುಕೊಂಡರು. 2023ರಲ್ಲಿ ಇಬ್ಬರೂ ಕಿತ್ತಾಡಿಕೊಂಡರು. ಆಗ ಮೂರೂ ಊರುಗಳು ರಣರಂಗ. ಒಮ್ದುರ್ಮಾನ್ ಮತ್ತು ಬಹ್ರಿ ನಡುವಿನ ಶಂಬಾತ್ ಸೇತುವೆ ಕುಸಿಯಿತು. ತೂತಿ ದ್ವೀಪಕ್ಕೆ ಇದ್ದ ಒಂದೇ ಸೇತುವೆ ಆರ್‌ಎಸ್‌ಎಫ್ ಕೈಗೆ ಹೋಗಿ, ದ್ವೀಪವೇ ಜೈಲಾಯ್ತು. ಸಂಗಮದ ಪಕ್ಕದ ರಾಷ್ಟ್ರೀಯ ಮ್ಯೂಸಿಯಂ ಲೂಟಿಯಾಯ್ತು. ಸಾವಿರಾರು ವರ್ಷಗಳ ನುಬಿಯಾದ ಚರಿತ್ರೆ ಗೋಣಿಚೀಲ ಸೇರಿತು. ದೇಶದಲ್ಲಿ 1 ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಸೈನ್ಯ ಅರಮನೆಯನ್ನು ಮತ್ತೆ ವಶಕ್ಕೆ ತಗೊಂಡಿದ್ದು 2025ರ ಮಾರ್ಚ್ 21ಕ್ಕೆ. ಉಳಿದಿದ್ದು ಗೋಡೆಗಳು.

ಆ ದಿನಗಳಲ್ಲೇ ನಮ್ಮವರೂ ಅಲ್ಲಿ ಸಿಕ್ಕಿಬಿದ್ದಿದ್ದರು. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಜನ. ಗಿಡಮೂಲಿಕೆ, ಎಣ್ಣೆ ಮಾರಿಕೊಂಡು ಆಫ್ರಿಕಾ ಸುತ್ತುವ ನಮ್ಮ ಕನ್ನಡದ ಮಕ್ಕಳು. ಅವರಲ್ಲಿ ಹೆಚ್ಚಿನವರು ಇದ್ದದ್ದು ಡಾರ್ಫರ್‌ನ ಎಲ್ ಫಾಷರ್ ಊರಿನಲ್ಲಿ. ಕೇಂದ್ರ ಸರ್ಕಾರ ಶುರು ಮಾಡಿದ ಕಾರ್ಯಾಚರಣೆಗೆ ಇಟ್ಟ ಹೆಸರು 'ಆಪರೇಷನ್ ಕಾವೇರಿ'. ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ಹಡಗು, ಅಲ್ಲಿಂದ ವಿಮಾನ. ಒಟ್ಟು 3,862 ಜನ ವಾಪಸ್ ಬಂದರು. ನಾವು ನಿಟ್ಟುಸಿರು ಬಿಟ್ಟೆವು, ಸುದ್ದಿ ಮುಗೀತು ಅಂದುಕೊಂಡೆವು. ಎಲ್ ಫಾಷರ್ ಜನರಿಗೆ ಹಡಗು ಕಳಿಸುವವರು ಯಾರೂ ಇರಲಿಲ್ಲ. ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್ 26ರಂದು ಆ ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಅಲ್ಲಿ ನಡೆದ ಹತ್ಯಾಕಾಂಡದ ವಿಡಿಯೊಗಳನ್ನು ನಾವು ಪ್ರಸಾರ ಮಾಡುವ ಹಾಗೂ ಇರಲಿಲ್ಲ.

'ಮಾಡಿದ್ದುಣ್ಣೋ ಮಹರಾಯ' ಅನ್ನೋ ಗಾದೆ ಇಲ್ಲಿ ಅರ್ಧ ಮಾತ್ರ ಸರಿ. ಮಾಡಿದವರು ಅರಮನೆಯಲ್ಲಿದ್ದವರು. ಉಂಡವರು ಒಮ್ದುರ್ಮಾನ್ ಸಂತೆಯಲ್ಲಿ ತರಕಾರಿ ಮಾರುತ್ತಿದ್ದವರು, ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಓದುತ್ತಿದ್ದವರು. ರಾಜಧಾನಿ ದೂರದ ಊರಿಗೆ ಬೆಂಕಿ ಕಳಿಸಿದರೆ, ಆ ಬೆಂಕಿ ವಾಪಸ್ ಬರುವಾಗ ಅರಮನೆಯ ವಿಳಾಸ ಮಾತ್ರ ಕೇಳಿಕೊಂಡು ಬರೋದಿಲ್ಲ.

ತೂತಿ ದ್ವೀಪದವರಲ್ಲಿ ತಲೆತಲಾಂತರದಿಂದ ಒಂದು ಪದ್ಧತಿ ಇದೆ. ಪ್ರವಾಹದ ತಿಂಗಳುಗಳಲ್ಲಿ ಊರಿನವರೇ ಪಾಳಿ ಹಾಕಿಕೊಂಡು ರಾತ್ರಿ ದಂಡೆ ಕಾಯ್ತಾರೆ. ನೀರು ಏರಿದರೆ ಕೂಗಿ ಎಲ್ಲರನ್ನೂ ಎಬ್ಬಿಸ್ತಾರೆ, ಮಣ್ಣಿನ ಚೀಲ ಹೊತ್ತು ಹಾಕ್ತಾರೆ. ನೂರಾರು ಮೈಲಿ ಆಚೆ, ಕಣ್ಣಿಗೆ ಕಾಣದ ಬೆಟ್ಟದಲ್ಲಿ ಬಿದ್ದ ಮಳೆ ಒಂದಲ್ಲ ಒಂದು ದಿನ ತಮ್ಮ ಹೊಸಿಲಿಗೆ ಬರುತ್ತೆ ಅನ್ನೋದು ಅವರಿಗೆ ಗೊತ್ತು. ಎದುರು ದಂಡೆಯ ಅರಮನೆಯಲ್ಲಿ ಕೂತು ಆಳಿದವರಿಗೆ 200 ವರ್ಷದಲ್ಲಿ ಅಷ್ಟು ಗೊತ್ತಾಗಲಿಲ್ಲ. ಈಗ ಲಕ್ಷಾಂತರ ಜನ ಮತ್ತೆ ಖಾರ್ಟೂಮಿಗೆ ಮರಳುತ್ತಿದ್ದಾರೆ. ಸುಟ್ಟ ಗೋಡೆಗೆ ಮತ್ತೆ ಇಟ್ಟಿಗೆ ಇಡುತ್ತಿದ್ದಾರೆ. ಈ ಸಲ ಆ ಇಟ್ಟಿಗೆ ಇನ್ನೊಬ್ಬರ ಊರನ್ನು ಕಿತ್ತು ತಂದದ್ದಾಗದಿರಲಿ. ಡಾರ್ಫರ್ ಉರಿಯುತ್ತಲೇ ಇದ್ದರೆ ಖಾರ್ಟೂಮ್ ಎಷ್ಟು ದಿನ ತಣ್ಣಗಿದ್ದೀತು?